ತುಟಿಯ ಮೇಲಿನ ಬೆರಳು

ಬಚ್ಚಲಿನ ಬಾಗಿಲು ಮುಚ್ಚಿತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ ಮಗ ಬಡಿಯಲು ಕೈ ಎತ್ತಿದ. ನಡುಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ತುಟಿಯ ಮೇಲೆ ಬೆರಳಿಟ್ಟು ಕಣ್ಣು ದೊಡ್ಡದು ಮಾಡಿದಳು. ಹುಡುಗ ಕೈ ಇಳಿಸಿದ.

"ಅಕ್ಕಾ, ನಿಧಾನಕ್ಕೆ ಬಾ. ನನಗೇನೂ ಅವಸರ ಇಲ್ಲ."

ಅವನಿಗೆ ಶಾಲೆಗೆ ಆಗಲೇ ಹೊತ್ತಾಗಿತ್ತು. ಹಿಂದೆಯಾಗಿದ್ದರೆ ಬಾಗಿಲು ಕಿತ್ತು ಬರುವಂತೆ ಬಡಿದು, ಒಳಗಿನಿಂದ ಬೈಸಿಕೊಂಡು, ತಿರುಗಿ ಬೈದಿರುತ್ತಿದ್ದ.

ಅಕ್ಕ ದೂರದ ಕಾಲೇಜಿನ ಹಾಸ್ಟೆಲ್‌ನಿಂದ ವರ್ಷದ ನಡುವೆಯೇ ಮರಳಿ ಬಂದಿದ್ದಳು. ಅಲ್ಲಿ ಊಟ, ನಿದ್ದೆ, ಕೊನೆಗೆ ಮಾತು ಕೂಡ ಬಿಟ್ಟಿದ್ದಳು. ಡಾಕ್ಟರು ಮಾತ್ರೆ ಕೊಟ್ಟು, ವಾರಕ್ಕೊಮ್ಮೆ ಬಂದು ಮಾತಾಡಲು ಹೇಳಿ, "ಸದ್ಯಕ್ಕೆ ಓದಿನ ಒತ್ತಡ ಬೇಡ" ಎಂದಿದ್ದರು. ಅಮ್ಮನ ಕಿವಿಗೆ ಬಿದ್ದದ್ದು 'ಒತ್ತಡ ಬೇಡ' ಎಂಬುದಷ್ಟೇ. ಅಂದಿನಿಂದ ಮಗಳಿಗೆ ಇತ್ತಲ ಕಡ್ಡಿ ಅತ್ತ ಎತ್ತಿಡಲು ಬಿಡಲಿಲ್ಲ. ಅವಳನ್ನು ಯಾರೂ ಗದರಬಾರದು, ಗೇಲಿ ಮಾಡಬಾರದು. ಎಲ್ಲ ಕೆಲಸವನ್ನೂ ಅರ್ಧಂಬರ್ಧ ಮಾಡುವ ಮೊಮ್ಮಗಳಿಗೆ 'ಗಡಿಬಿಡಿ' ಎಂದು ಹೆಸರಿಟ್ಟಿದ್ದ ಅಜ್ಜಿ ಕೂಡ ಈಗ "ಕಂದಾ" ಎನ್ನಬೇಕಿತ್ತು. "ನನ್ನ ಬಾಯಿಗೆ ಬೀಗ ಜಡಿದು ಕೀಲಿಕೈ ಸೊಸೆ ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ದಾಳೆ" ಎಂದು ಅಜ್ಜಿ ಗೋಡೆಯ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಆ ಮಧ್ಯಾಹ್ನ ಮಗಳು ಅಮ್ಮನ ಪಕ್ಕ ಬಂದು ಕೂತು, ಹೊಲಿದಿಟ್ಟ ಅಂಗಿಯೊಂದನ್ನು ಎತ್ತಿಕೊಂಡಳು. ಅಂಗಿಗಳಿಗೆ ಗುಂಡಿ ಹಾಕುವುದು ಚಿಕ್ಕಂದಿನಿಂದಲೂ ಅವಳದೇ ಕೆಲಸ. ಅಮ್ಮ ಮೆಲ್ಲಗೆ ಅಂಗಿ ಕಸಿದುಕೊಂಡಳು.

"ಬಿಡು ಕಂದಾ. ಪಕ್ಕದ ಮನೆಯವಳು ಹಾಕ್ತಾಳೆ. ನೀನು ಮಲಕ್ಕೋ ಹೋಗು."

ಮಗಳು ಬರಿಗೈ ನೋಡಿಕೊಂಡಳು. "ನಾನಿಲ್ದಿದ್ರೂ ಈ ಮನೇಲಿ ಎಲ್ಲಾ ಚೆನ್ನಾಗೇ ನಡೆಯುತ್ತೆ, ಅಲ್ವಾಮ್ಮ?"

ಅಮ್ಮ ಚಕ್ರವನ್ನು ಕೈಯಿಂದ ಹಿಡಿದಳು. ಯಂತ್ರ ನಿಂತಿತು. ಕೇಳಲು ನಾಲಿಗೆ ಏಳಲಿಲ್ಲ, ಆದರೂ ಕೇಳಿದಳು.

"ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?"

"ಇಲ್ಲ. ಮುಂಚೆ ಬರ್ತಿತ್ತು, ಡಾಕ್ಟರ್ ಹತ್ರ ಹೇಳಿದ್ದೀನಿ." ಮಗಳು ಅಂಗಿಯತ್ತ ನೋಡಿದಳು. "ಹಾಸ್ಟೆಲ್‌ನಲ್ಲಿ ನಾನು ಊಟಕ್ಕೆ ಹೋಗದಿದ್ರೂ ಯಾರೂ ಯಾಕೆ ಅಂತ ಕೇಳ್ತಿರಲಿಲ್ಲಮ್ಮ. ಮನೆಗೆ ಹೋದ್ರೆ ಸಾಕು ಅನ್ನಿಸ್ತಿತ್ತು. ಇಲ್ಲಿ ನೀವೆಲ್ಲ ನನ್ನನ್ನ ನೆಂಟರ ಹಾಗೆ ಕೂರಿಸಿದ್ದೀರಿ."

"ನಿನಗೆ ನೋವಾಗಬಾರದು ಅಂತ ಕಣೇ! ಗಾಜಿನ ಹಾಗೆ ಆಗಿ ಬಂದಿದ್ದೆ. ನಾನೇನು ಮಾಡಬೇಕಿತ್ತು?"

"ಬೈಬೇಕಿತ್ತು" ಎಂದಳು ಮಗಳು. ಹಾಗೆನ್ನುತ್ತಲೇ ಅತ್ತುಬಿಟ್ಟಳು.

ಅಮ್ಮ ಅವಳ ತಲೆಯನ್ನು ಎದೆಗೊತ್ತಿಕೊಂಡು ತಾನೂ ಅತ್ತಳು. ಆಮೇಲೆ ಸೆರಗಿನಿಂದ ಇಬ್ಬರ ಮೂಗನ್ನೂ ಒರೆಸಿ, ಅಂಗಿಯನ್ನು ಮಗಳ ಮಡಿಲಿಗೆ ಹಾಕಿದಳು. "ನಾಳೆ ಗಿರಾಕಿ ಬರ್ತಾರೆ. ಸಂಜೆ ಒಳಗೆ ಆಗಬೇಕು."

ಸಂಜೆಗೆ ಮೊದಲೇ ಆಯಿತು. ಅಮ್ಮ ಅಂಗಿ ಬಿಡಿಸಿ ನೋಡಿದಳು. ಗುಂಡಿ ತೂರಿಸುವ ಕಾಜಾ ಇದ್ದ ಪಟ್ಟಿಯ ಮೇಲೆಯೇ ಗುಂಡಿಗಳು ಸಾಲಾಗಿ ಕೂತಿದ್ದವು. 'ಪರವಾಗಿಲ್ಲ ಕಂದಾ' ಎಂಬ ಮಾತು ಬಾಯಿಯ ತನಕ ಬಂತು. ಅಮ್ಮ ಅದನ್ನು ನುಂಗಿಕೊಂಡಳು.

"ಕಣ್ಣು ಎಲ್ಲಿಟ್ಟಿದ್ದೆ? ಇದನ್ನ ಹಾಕ್ಕೊಂಡೋನು ಗುಂಡಿ ಹೇಗೆ ಹಾಕ್ಕೋತಾನೆ? ಬಿಚ್ಚು, ಅಷ್ಟನ್ನೂ ಬಿಚ್ಚು!"

ಮಂಚದ ಮೇಲಿದ್ದ ಅಜ್ಜಿ ಅಂಗಿಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. ಸೊಸೆ ತಲೆಯಾಡಿಸಿದಳು. ಅಷ್ಟು ದಿನ ಕಟ್ಟಿಟ್ಟಿದ್ದ ಬಾಯಿ ತೆರೆಯಿತು.

"ಅಯ್ಯೋ ಗಡಿಬಿಡಿ! ಇನ್ನೂ ಬುದ್ಧಿ ಬಂದಿಲ್ವೇನೇ ನಿನಗೆ!"

ಮಗಳು ತಲೆ ಎತ್ತಿದಳು. ತುಟಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ, ನಕ್ಕುಬಿಟ್ಟಳು. ಆ ನಗು ಪೂರ್ತಿ ಗುಣವಾದವಳ ನಗುವಾಗಿರಲಿಲ್ಲ. ಮಾತ್ರೆಗಳು ಇನ್ನೂ ಬಾಕಿಯಿದ್ದವು, ಕಷ್ಟದ ದಿನಗಳೂ ಬಾಕಿಯಿದ್ದವು. ಆದರೂ ಅದು ಅವಳದೇ ನಗು.

ಮರುದಿನ ಬೆಳಿಗ್ಗೆ ಮತ್ತೆ ಬಚ್ಚಲಿನ ಬಾಗಿಲು ಮುಚ್ಚಿತ್ತು. ಹುಡುಗ ಧಬಧಬ ಬಡಿದ.

"ಏ ಗಡಿಬಿಡಿ, ಒಳಗೇನು ಮನೆ ಕಟ್ತಿದ್ದೀಯಾ? ಬಾರೇ ಆಚೆಗೆ!"

"ಬರಲ್ಲ, ಹೋಗೋ!"

ಅಭ್ಯಾಸಬಲದಿಂದ ಅಮ್ಮನ ಬೆರಳು ತುಟಿಯತ್ತ ಎದ್ದಿತು. ಅರ್ಧ ದಾರಿಯಲ್ಲಿ ನಿಂತಿತು. ಜಗಳ ಜೋರಾಗುತ್ತಲೇ ಇತ್ತು. ಅಮ್ಮ ಕೈಯನ್ನು ಯಂತ್ರದ ಚಕ್ರದ ಮೇಲಿಟ್ಟು ಹೊಲಿಯತೊಡಗಿದಳು.