ಸಂಪಾದಕಿ ಸತ್ತ ಕತೆ

ಬೀಗ ರಿಪೇರಿಯವನು ಬಾಡಿಗೆ ಕುರ್ಚಿಗಳನ್ನು ಒಂದೊಂದಾಗಿ ಬಿಡಿಸಿ ಅಂಗಳದಲ್ಲಿ ಇಡುತ್ತಲೇ ಇದ್ದ. ಒಳಗೆ ತೀರಿಕೊಂಡ ಅವನ ಅಕ್ಕನನ್ನು ಮಲಗಿಸಿದ್ದರು.

"ರೀ, ಇಷ್ಟೊಂದು ಕುರ್ಚಿ ಯಾಕ್ರೀ? ಬಂದಿರೋದೇ ಅಕ್ಕಪಕ್ಕದ ನಾಲ್ಕು ಜನ. ಹೆಣದ ಗಾಡಿಯವನು ಬೇರೆ ಅವಸರ ಮಾಡ್ತಿದಾನೆ," ಎಂದಳು ಹೆಂಡತಿ.

"ಅವಳ ಪತ್ರಿಕೆಯೋರು ಬರ್ತಾರೆ ಕಣೆ. ನಿನ್ನೆ ಸಂಜೆನೇ ಸುದ್ದಿ ಹಾಕಿದೀನಿ."

ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಂಡವಳಲ್ಲ. ನಿವೃತ್ತಿಯಾದ ಮೇಲೆ ಅಂತರ್ಜಾಲದಲ್ಲಿ ಒಂದು ಪತ್ರಿಕೆ ಶುರು ಮಾಡಿದಳು. ಬೇರೆ ಗ್ರಹ, ಮಾತಾಡುವ ಯಂತ್ರ, ಇನ್ನೂ ಹುಟ್ಟದವರ ಊರು, ಇಂಥವೇ ಕತೆ, ಕವಿತೆ. ಅದನ್ನು ಓದುವವರನ್ನು ಮನೆಯಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಇವತ್ತೂ ಒಬ್ಬರೂ ಬಾರದೆ ಹೋದರೆ ಅವಳು ಇಷ್ಟು ವರ್ಷ ಗೋಡೆಯ ಜೊತೆ ಮಾತಾಡಿದ ಹಾಗಾಗುತ್ತಿತ್ತು. ಬೀಗದವನಿಗೆ ಅದೊಂದು ಆಗಬಾರದಿತ್ತು.

*

ಹೋದ ವಾರ ಊಟಕ್ಕೆ ಕೂತಾಗಲೂ ಅಕ್ಕನ ಕಿವಿಯಲ್ಲಿ ಫೋನು.

"ಪದ್ಯ ಚೆನ್ನಾಗಿದೆ ಕಣಪ್ಪ. ಆ ಚಂದ್ರನ್ನ ತೆಗೀರಿ. ಹೂಂ, ಪೂರ್ತಿ ತೆಗೀರಿ. ನಮ್ಮಲ್ಲಿ ಚಂದ್ರ ಬೇಕಾದಷ್ಟಾಗಿದೆ."

"ಯಾರೇ ಅದು?"

"ಕವಿ ಕಣೋ. ಬೇಕರಿಲಿ ಕೆಲ್ಸ."

"ನಿನ್ನ ಪತ್ರಿಕೆ ಓದೋರೆಲ್ಲ ದೆವ್ವಗಳೇ ಇರ್ಬೇಕು. ಒಬ್ರಾದ್ರೂ ಈ ಕಡೆ ತಲೆ ಹಾಕಿದಾರಾ?"

"ದೆವ್ವ ಆದ್ರೇನೋ, ಕಾಗುಣಿತ ಸರಿ ಇದ್ರೆ ಸಾಕು," ಎಂದು ಅಕ್ಕ ತಟ್ಟೆ ಎಳೆದುಕೊಂಡಳು.

*

"ರೀ, ಇಲ್ಲಿ ನೋಡಿ." ಹೆಂಡತಿ ಫೋನ್ ತಂದು ಹಿಡಿದಳು. ಸಾವಿನ ಸುದ್ದಿಯ ಕೆಳಗೆ ಓದುಗರು ಬರೆದಿದ್ದರು.

'ಸಂಪಾದಕಿಯೇ ಸಾಯುವ ಕಲ್ಪನೆ ಸೊಗಸಾಗಿದೆ.'

'ಹೃದಯಾಘಾತ ಹಳೆಯದಾಯಿತು. ಬೇರೇನಾದರೂ ಯೋಚಿಸಬಹುದಿತ್ತು.'

'ಮುಂದೆ ಯಾವ ಗ್ರಹಕ್ಕೆ ಹೋಗುತ್ತಾರೆ?'

ಅವನು ಸುದ್ದಿಯನ್ನು 'ಹೊಸ ಕತೆ' ಎಂಬ ಜಾಗದಲ್ಲಿ ಹಾಕಿದ್ದ. ಅಕ್ಕನಿಗೆ ಕಣ್ಣಿನ ಆಪರೇಷನ್ ಆದಾಗ ಅವಳು ಇವನಿಗೆ ಹೇಳಿಕೊಟ್ಟದ್ದು ಅದೊಂದೇ ಜಾಗ. ಅಲ್ಲಿ ಬರೆದವರ ಹೆಸರನ್ನು ಒಂದು ದಿನ ಮುಚ್ಚಿಡುವುದು ಅವಳ ಪದ್ಧತಿ. ಹೆಸರು ನೋಡಿ ಯಾರೂ ಹೊಗಳಬಾರದು. ಬೀಗದವನು ಗಡಿಬಿಡಿಯಲ್ಲಿ 'ಇದು ಕತೆಯಲ್ಲ, ನಾನು ಅವಳ ತಮ್ಮ, ದಯವಿಟ್ಟು ಬನ್ನಿ' ಎಂದು ಬರೆದು ತನ್ನ ನಂಬರ್ ಹಾಕಿದ.

ಕೂಡಲೇ ಉತ್ತರ ಬಂತು: 'ತಮ್ಮನ ಪಾತ್ರ ಚೆನ್ನಾಗಿ ಮೂಡಿದೆ.'

"ಇವರ ತಲೇಲಿ ಏನ್ ತುಂಬಿದ್ಯೋ!" ಎಂದು ಅವನು ಕುರ್ಚಿಯಲ್ಲಿ ಕುಸಿದ. ಅಷ್ಟರಲ್ಲಿ ಫೋನ್ ಬಂತು.

"ಸಾರ್, ನಂಬರ್ ನಿಜವಾದ್ದಾ ಅಂತ ನೋಡೋಕೆ ಮಾಡ್ದೆ. ನಾನು ಬೇಕರಿಯವನು, ಪದ್ಯ ಬರೀತೀನಿ. ಮೇಡಂಗೆ ಕೊಡ್ತೀರಾ?"

ಬೀಗದವನ ಬಾಯಿಗೆ ಬಂದದ್ದು ಒಂದೇ ಮಾತು. "ಚಂದ್ರನ್ನ ತೆಗ್ದ್ರಾ?"

"ತೆಗ್ದೆ ಸಾರ್. ಅದು ಅವ್ರು ನಂಗೆ ಮಾತ್ರ ಹೇಳಿದ್ದು... ಅಯ್ಯೋ, ನಿಜಾನಾ? ಇನ್ನೊಂಚೂರು ತಡೀರಿ ಸಾರ್. ಎಲ್ರಿಗೂ ಹೇಳ್ತೀನಿ."

ಬಂದರು. ತೋಳಿಗೆ ಹಿಟ್ಟು ಮೆತ್ತಿಕೊಂಡಿದ್ದ ಬೇಕರಿಯವನು, ಸಮವಸ್ತ್ರದಲ್ಲೇ ಓಡಿಬಂದ ನರ್ಸ್, ಲಿಫ್ಟ್ ಮೆಕ್ಯಾನಿಕ್, ಇನ್ನೂ ಯಾರ್ಯಾರೋ. ಅವರು ಕೂಡ ಒಬ್ಬರನ್ನೊಬ್ಬರು ನೋಡಿದ್ದು ಇವತ್ತೇ.

"ಹೃದಯಾಘಾತ ಹಳೇದು ಅಂತ ಬರ್ದಿದ್ದು ನಾನೇ," ಎಂದು ನರ್ಸ್ ಬಿಕ್ಕಿದಳು.

"ಇರ್ಲಿ ಬಿಡಮ್ಮ. ಅವಳಿದ್ದಿದ್ರೆ ಅವಳೂ ಹಾಗೇ ಅಂತಿದ್ಲು," ಎಂದ ಬೀಗದವನು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಸಾವಿನ ಮನೆಯಲ್ಲಿ ನಿಂತಿದ್ದೇನೆ ಎಂಬುದೂ ಮರೆಯುವಷ್ಟು ಅವನಿಗೆ ಹಾಯೆನಿಸಿತು.

ಓಣಿ ಕಿರಿದಾದ್ದರಿಂದ ಶವವಾಹನ ತಿರುವಿನಲ್ಲೇ ನಿಂತಿತ್ತು. ಅಲ್ಲಿಯವರೆಗೆ ಹೆಗಲು ಕೊಡಬೇಕು. ಮುಂದೆ ಬೀಗದವನು ಮತ್ತು ಪಕ್ಕದ ಮನೆಯ ಯಜಮಾನರು, ಹಿಂದೆ ಬೇಕರಿಯವನು ಮತ್ತು ನರ್ಸ್.

"ಹೋದ ಸಂಚಿಕೆಯ ಯಂತ್ರದ ಕತೆ ಇತ್ತಲ್ಲ, ಅದರ ಕೊನೇ ಸಾಲು ಬೇಡಾಗಿತ್ತು," ಎಂದಳು ನರ್ಸ್, ಮೂಗು ಒರೆಸಿಕೊಳ್ಳುತ್ತ.

"ಬೇಡ್ವಾ? ಯಂತ್ರ ಅಳೋದೇ ಅಲ್ಲಿ!" ಎಂದ ಬೇಕರಿಯವನು.

"ಅಳ್ಬಾರ್ದು ರೀ. ಸುಮ್ನೆ ನೋಡ್ತಾ ನಿಂತಿದ್ರೆ ಸಾಕಿತ್ತು."

"ಮೇಡಂ ಅದನ್ನ ಬಿಟ್ಟಿದಾರೆ ಅಂದ್ರೆ ಕಾರಣ ಇರುತ್ತೆ."

ಯಜಮಾನರು ಹಿಂದೆ ತಿರುಗಿ ಕಣ್ಣು ಕೆಂಪಗೆ ಮಾಡಿದರು. ಇಬ್ಬರೂ ನೋಡಲಿಲ್ಲ. ವಾಹನ ಹತ್ತಿರವಾಗಿತ್ತು; ಚಾಲಕ ಹಿಂಬಾಗಿಲು ತೆರೆದು ಕಾಯುತ್ತಿದ್ದ. ವಾದ ಇನ್ನೂ ಮುಗಿದಿರಲಿಲ್ಲ. ಬೀಗದವನು ಹೆಜ್ಜೆ ನಿಧಾನ ಮಾಡಿದ.