ಎಡಗಡೆಯ ಸವೆತ

ಹೊಸ ಪಿಟೀಲಿಗೆ ಅರವತ್ತು ಫ್ರಾಂಕು. ಅದನ್ನೇ ನೂರು ವರ್ಷ ಹಳೆಯದೆಂಬಂತೆ ಸವೆಸಿ ಕೊಟ್ಟರೆ ಇನ್ನೂರು. ಅದರ ಹೊಟ್ಟೆಯೊಳಗೆ ಇಟಲಿಯ ಹಳೆಯ ಕುಶಲಕರ್ಮಿಯೊಬ್ಬನ ಹೆಸರಿನ ಚೀಟಿ ಅಂಟಿದರೆ ಮೂರು ಸಾವಿರ. ಪಿಟೀಲು ಮಾಡುವ ಅನ್ಸೆಲ್ಮ್ ಇನ್ನೂರಕ್ಕೇ ನಿಂತವನು. ನಕಲು ಮಾಡುವುದು ಮಿರ್ಕೂರ್ ಊರಿನಲ್ಲಿ ತಪ್ಪಲ್ಲ. ಚೀಟಿ ಅಂಟಿಸುವುದು ಪ್ಯಾರಿಸ್ಸಿನ ದಲ್ಲಾಳಿಯ ಕೆಲಸ. ಇವನು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ.

ಈಗ ಅಂಥ ಮೂರು ಸಾವಿರದ ಪಿಟೀಲೊಂದು ಅನ್ಸೆಲ್ಮ್‌ನ ಮೇಜಿನ ಮೇಲೆಯೇ ಬಂದು ಮಲಗಿತ್ತು. ತಂದವಳು ಮದಾಂ ಪೆರಿನ್, ನಾನ್ಸಿ ಪಟ್ಟಣದ ನಾಟಕಶಾಲೆಯಲ್ಲಿ ನುಡಿಸುತ್ತಿದ್ದವನ ವಿಧವೆ.

"ಅಸಲಿ ಅಂತ ಎರಡು ಸಾಲು ಬರೆದುಕೊಡಿ ಸಾಕು, ತಗೊಳ್ಳೋರು ಕೇಳ್ತಿದಾರೆ. ನಮ್ಮೋರು ದ್ರಾಕ್ಷಿ ತೋಟ ಮಾರಿ ತಂದದ್ದು ಇದನ್ನ."

ಅನ್ಸೆಲ್ಮ್ ಪಿಟೀಲನ್ನು ಕಿಟಕಿಯ ಬೆಳಕಿಗೆ ಹಿಡಿದ. ತಂತಿಗಳ ಎಡಕ್ಕೆ, ಗದ್ದ ಒತ್ತುವಲ್ಲಿ, ಮೆರುಗೆಣ್ಣೆ ಸವೆದು ಮರ ಕಾಣುತ್ತಿತ್ತು. ಈಗಿನವರು ಗದ್ದ ಇಡುವುದು ಎಡಕ್ಕೆ. ನೂರು ವರ್ಷದ ಹಿಂದಿನವರು ಇಡುತ್ತಿದ್ದದ್ದು ಬಲಕ್ಕೆ. ಇದರ ಬಲಗಡೆ ಮೆರುಗು ಮಾಸಿಯೇ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಆ ವಿಷಯ ತಿಳಿಯುವ ಮೊದಲು, ಸವೆಸಬೇಕಾದ ಜಾಗವನ್ನು ಅವನೇ ತೋರಿಸಿದ್ದ. ಹೆಂಡತಿ ಒದೀಲ್ ಬೂದಿ, ಎಣ್ಣೆ ಹಚ್ಚಿ ಮೂರು ದಿನ ಅಂಗೈಯಲ್ಲಿ ತಿಕ್ಕಿದ್ದಳು.

ಒದೀಲ್ ಮೆರುಗೆಣ್ಣೆಯ ಕುಡಿಕೆ ಬಿಟ್ಟು ಬಂದು ನೋಡಿದಳು. ಅವಳಿಗೂ ಗುರುತು ಹತ್ತಿತು. ಗಂಡನ ಕಿವಿಗೆ ಬಾಗಿ, "ಬರೆದ್ಕೊಟ್ಬಿಡಿ ರೀ. ನಮ್ದು ಅಂತ ಬಾಯ್ಬಿಟ್ರೆ ದಲ್ಲಾಳಿ ಈ ಹೊಸ್ತಿಲು ತುಳಿಯಲ್ಲ," ಎಂದಳು.

"ಇದನ್ನ ಕೊಂಡೋನೂ ಒಂದಿನ ಸಾಯ್ತಾನೆ ಕಣೇ. ಅವನ ಹೆಂಡ್ತಿ ಬಂದು ನಿಂತಾಗ?"

ಎತ್ತಿದ ಲೇಖನಿಯನ್ನು ಅವನು ಕೆಳಗಿಟ್ಟ. "ತಾಯೀ, ಇದು ಇಟಲೀದಲ್ಲ. ನನ್ನ ಕೈಕೆಲಸ."

ಮದಾಂ ಪೆರಿನ್ ಅವನ ಕೈಗಳನ್ನೇ ನೋಡಿದಳು. ಅವನು ಕೇಳಬಾರದ್ದನ್ನು ಕೇಳಿಬಿಟ್ಟ: "ಹೇಗೆ ನುಡೀತಿತ್ತು?"

"ಚೆನ್ನಾಗೇ ನುಡೀತಿತ್ತು. ಅದಕ್ಕೆ ತೋಟ ಮಾರ್ಬೇಕಿತ್ತಾ?"

ಒದೀಲ್ ಒಳಗೆ ಹೋದಳು. ಹಿಟ್ಟಿನ ಡಬ್ಬಿಯಿಂದ ಇನ್ನೂರು ಫ್ರಾಂಕು ತಂದು ಮೇಜಿನ ಮೇಲಿಟ್ಟಳು. "ನಮಗೆ ಬಂದದ್ದು ಇಷ್ಟೇ ಕಣಮ್ಮ. ದೇವರಾಣೆ."

ಮದಾಂ ಪೆರಿನ್ ಹಣ ತೆಗೆದುಕೊಂಡಳು. ಪಿಟೀಲನ್ನು ಮುಟ್ಟಲಿಲ್ಲ. ಅಲ್ಲಿಂದ ನೇರ ಪ್ಯಾರಿಸ್ಸಿಗೆ ಹೋಗಿ ದಲ್ಲಾಳಿಯ ಬಾಗಿಲಲ್ಲಿ ಕೂಗಾಡಿದಳಂತೆ.

ಅನ್ಸೆಲ್ಮ್ ಎಡಗಡೆಯ ಸವೆತದ ಮೇಲೆ ಹೆಬ್ಬೆರಳು ಆಡಿಸಿದ. ಒದೀಲ್‌ಳ ಅಂಗೈ ಸವೆಸಿದ್ದು ಎಲ್ಲಿಗೆ ಮುಗಿಯಿತು, ಸತ್ತವನ ಗದ್ದ ಸವೆಸಿದ್ದು ಎಲ್ಲಿಂದ ಶುರುವಾಯಿತು ಎಂದು ಅವನಿಗೂ ತಿಳಿಯಲಿಲ್ಲ.

ಪ್ಯಾರಿಸ್ಸಿನ ಕೆಲಸ ನಿಂತುಹೋಯಿತು. ತೋಟ ತಿರುಗಿ ಬರಲಿಲ್ಲ. ಪಿಟೀಲು ಮಾತ್ರ ಮಾಡಿದವನ ಮನೆಗೆ ಮರಳಿ ಬಂತು.