ಕೈಗೆ ಬಾರದ ಸರಾಸರಿ

ವಿಯಾರಿಕಾ ಊರಿನ ಕಂಪ್ಯೂಟರ್ ತರಗತಿಗೆ ಒಬ್ಬ ಸಹಾಯಕಿ ಬೇಕಾಗಿದ್ದಳು. ಇವತ್ತಿನ ಪರೀಕ್ಷೆ ನೋಡಿ ಆರಿಸುತ್ತೇನೆ ಎಂದಿದ್ದರು ಬ್ಲಾಸಿದಾ ಟೀಚರ್. ಸುನಿಲ್ದಾ ಮನಸ್ಸಿನಲ್ಲೇ ಆ ಕೆಲಸಕ್ಕೆ ಸೇರಿ, ಹೊಸ ಮಕ್ಕಳನ್ನು ನಾಲ್ಕು ಸಲ ಗದರಿಸಿಯೂ ಆಗಿತ್ತು. ಕಾಲಿಗೆ ತೊಡರುವ ಬಳ್ಳಿ ಒಂದೇ: ಚಿಕ್ಕಮ್ಮನ ಮಗಳು ನಿಮಿಯಾ.

ಮೂರು ಅಂಕಗಳ ಸರಾಸರಿ ಹಾಕುವ ಮೆಥಡ್ ಒಂದನ್ನು, ಅಂದರೆ ಪ್ರೋಗ್ರಾಂ ಕರೆದಾಗ ಒಂದೇ ಕೆಲಸ ಮಾಡಿಕೊಡುವ ತುಣುಕನ್ನು, ಬರೆಯಬೇಕು. ಅದು ಕೊಟ್ಟ ಸರಾಸರಿ ನೋಡಿ ಮುಖ್ಯ ಪ್ರೋಗ್ರಾಂ ಪಾಸೋ ಫೇಲೋ ಹೇಳಬೇಕು. ಸುನಿಲ್ದಾಳ ಪರದೆಯ ಮೇಲೆ ಸರಾಸರಿ ಐದಕ್ಕೆ ನಾಲ್ಕು ಎಂದು ಮುದ್ದಾಗಿ ಮೂಡಿತು. ಮರುಕ್ಷಣವೇ ಪ್ರೋಗ್ರಾಂ ಮುಗ್ಗರಿಸಿತು: ಸರಾಸರಿ ಬಂದೇ ಇಲ್ಲವಂತೆ! ಕಣ್ಣೆದುರೇ ಇದೆಯಲ್ಲ! ಪಕ್ಕದಲ್ಲಿ ನಿಮಿಯಾಳ ಪರದೆ 'ಪಾಸ್' ಎಂದಿತು. ಎಲ್ಲರೂ ಅತ್ತ ಮುತ್ತಿದರು. ಸುನಿಲ್ದಾಳ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಯಿತು.

ಬಿಡುವಿನಲ್ಲಿ ಮಾವಿನ ಮರದಡಿ ತಣ್ಣೀರಿನಲ್ಲಿ ಎಲೆ ನೆನೆಸಿದ ಪಾನೀಯ ತೆರೆರೆಯ ಸುತ್ತು ಶುರುವಾಯಿತು. ಇರುವುದೊಂದೇ ಕೊಂಬಿನ ಲೋಟ. ತುಂಬಿಕೊಡುವವಳು, ಅಲ್ಲೂ, ನಿಮಿಯಾ! ಸುನಿಲ್ದಾ ಕೊಳವೆಯಲ್ಲಿ ಸುರ್ ಎಂದು ಕೊನೆಯ ಹನಿವರೆಗೆ ಹೀರಿ, ಲೋಟ ಹಿಡಿದು ಮುಖ ಊದಿಸಿ ಕೂತಳು.

"ಅಕ್ಕಾ, ಅದೇನು ಮೈಕಾ? ಹಾಡು ಹೇಳ್ತೀಯಾ?" ನಿಮಿಯಾ ಕೈ ಚಾಚಿದಳು. "ನೀ ಕುಡಿದಿದ್ದು ಊರಿಗೆಲ್ಲ ಕೇಳಿಸ್ತು. ಲೋಟ ನನ್ನ ಕೈಗೆ ಬರದೆ ಮುಂದಿನವರಿಗೆ ಹೇಗೆ ತುಂಬ್ಲಿ?"

ಎಲ್ಲರೂ ನಕ್ಕರು. ನಿಮಿಯಾ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಹೇಳಿದಳು: "ನಿನ್ನ ಮೆಥಡ್ಡೂ ಹಿಂಗೇ ಕಣೆ. ತೋರಿಸ್ತದೆ, ಕೇಳಿದವರ ಕೈಗೆ ಕೊಡಲ್ಲ."

ಸುನಿಲ್ದಾ ಒಳಗೆ ಓಡಿದಳು. ಪರದೆಗೆ ತೋರಿಸು ಎಂಬ ಸಾಲು ಅಳಿಸಿ, ಉತ್ತರವನ್ನು ಹಿಂತಿರುಗಿಸು ಎಂದು ಬರೆದಳು. ಪಾಸ್!

"ಯಾರು ಹೇಳಿಕೊಟ್ರು?" ಬೆನ್ನ ಹಿಂದೆ ಟೀಚರ್ ನಿಂತಿದ್ದರು. ಬಾಗಿಲಲ್ಲಿ ನಿಮಿಯಾ.

"ಯಾರೂ ಇಲ್ಲ ಟೀಚರ್. ನಾನೇ ಕಂಡ್ಕೊಂಡೆ."

"ಹಾಗಾದ್ರೆ ನೀನೇ ಬಾ ಸೋಮವಾರದಿಂದ. ತಾನು ಎಡವಿ ತಾನೇ ಎದ್ದವಳು ಮಕ್ಕಳನ್ನೂ ಎಬ್ಬಿಸ್ತಾಳೆ."

ನಿಮಿಯಾಳ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಬಂದು ಅಪ್ಪಿಕೊಂಡಳು. "ಒಳ್ಳೇದಾಯ್ತು ಬಿಡೇ."

ಇವಳು ಒಂದು ಮಾತಾದರೂ ಬೈಯಬಾರದಿತ್ತೇ! ಬಯಸಿದ ಕೆಲಸ ಸಿಕ್ಕಿತ್ತು. ಆದರೂ ಸುನಿಲ್ದಾ, ಆ ಅಪ್ಪುಗೆಯೊಳಗೆ ಕೊರಡಿನಂತೆ ನಿಂತು, ಸೋತ ಮೇಲೂ ಹೀಗೆ ಬಂದು ಅಪ್ಪಿಕೊಳ್ಳಬಲ್ಲ ಈ ಹುಡುಗಿಯ ಮೇಲೆ ಹೊಸದಾಗಿ ಕರುಬಿದಳು.